ಗಾಜಿನೊಳಗೆ ಮೊಳೆತ ಭತ್ತ

ಗಿರಣಿಯಲ್ಲಿ ಪಾಲಿಶ್ ಆಗಿ ಬರುವ ಅಕ್ಕಿಕಾಳಿನ ಒಂದು ತುದಿಯಲ್ಲಿ ಸಣ್ಣದೊಂದು ತಗ್ಗು ಇರುತ್ತದೆ. ಭತ್ತದ ಭ್ರೂಣ, ಎಂದರೆ ಮೊಳೆತು ಗಿಡವಾಗಬೇಕಾಗಿದ್ದ ಜೀವಂತ ಭಾಗ, ಇದ್ದ ಜಾಗ ಅದು. ಗಿರಣಿಯ ತಿಕ್ಕಾಟದಲ್ಲಿ ಭ್ರೂಣ ಕಿತ್ತುಹೋಗಿ ತೌಡಿನೊಡನೆ ಸೇರುತ್ತದೆ, ಅನ್ನವಾಗುವುದು ಅದರ ಆಹಾರಕ್ಕೆಂದು ಕಾಳು ಕೂಡಿಟ್ಟಿದ್ದ ಪಿಷ್ಟ ಮಾತ್ರ. ಕಾಳಿನ ತೂಕದಲ್ಲಿ ಶೇ. 2ರಿಂದ 3ರಷ್ಟು ಮಾತ್ರ ಇರುವ ಈ ಭ್ರೂಣವನ್ನೇ ನೆಚ್ಚಿಕೊಂಡು, ಕಳೆದ ಆರು ದಶಕಗಳಲ್ಲಿ ಭತ್ತದ ಅಂಗಾಂಶ ಕೃಷಿ ಎಂಬ ಕಸುಬು ಬೆಳೆದಿದೆ. ಗಿಡದ ಒಂದು ತುಣುಕನ್ನು ಸೂಕ್ಷ್ಮಜೀವಿಗಳ ಸೋಂಕಿಲ್ಲದ ಗಾಜಿನ ಪಾತ್ರೆಯಲ್ಲಿ, ಲವಣ, ಸಕ್ಕರೆ, ಜೀವಸತ್ವ ಮತ್ತು ಹಾರ್ಮೋನುಗಳನ್ನು ಬೆರೆಸಿದ ಮಾಧ್ಯಮದ ಮೇಲೆ ಇಟ್ಟು, ಅದರಿಂದ ಮತ್ತೆ ಪೂರ್ಣ ಗಿಡವನ್ನು ಪಡೆಯುವುದೇ ಅಂಗಾಂಶ ಕೃಷಿ. ಟಿಶ್ಯೂ ಕಲ್ಚರ್ ಬಾಳೆಸಸಿಗಳ ಮೂಲಕ ಕರ್ನಾಟಕದ ರೈತರಿಗೆ ಈ ಮಾತು ಪರಿಚಿತವಾಗಿದೆಯಾದರೂ, ಬಾಳೆಯ ಕತೆಯೇ ಬೇರೆ, ಭತ್ತದ ಕತೆಯೇ ಬೇರೆ. ಬಾಳೆಯಲ್ಲಿ ಒಂದೇ ಬಗೆಯ ಸಸಿಗಳನ್ನು ಲಕ್ಷಗಟ್ಟಲೆ ಪಡೆಯುವುದು ಗುರಿ. ಬೀಜದಿಂದಲೇ ಧಾರಾಳವಾಗಿ ಹೆಚ್ಚುವ ಭತ್ತಕ್ಕೆ ಅದರ ಅಗತ್ಯವಿಲ್ಲ. ಇಲ್ಲಿ ವಿಜ್ಞಾನಿಗಳಿಗೆ ಬೇಕಾಗಿದ್ದುದು ಒಂದೊಂದೇ ಕೋಶದ ಮಟ್ಟದಲ್ಲಿ ಬೆಳೆಯನ್ನು ಹಿಡಿದು, ಅದನ್ನು ಬದಲಿಸಿ, ಮತ್ತೆ ಹೊಲಕ್ಕೆ ಮರಳಿಸುವ ದಾರಿ.

ಈ ದಾರಿಯ ಚರಿತ್ರೆಯನ್ನು ಮಾಧ್ಯಮಗಳ ಸೂತ್ರಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಆದರೆ ಆ ಸೂತ್ರಗಳನ್ನು ಯಾವ ಭತ್ತದ ಮೇಲೆ ಪರೀಕ್ಷಿಸಿ ಹದಗೊಳಿಸಲಾಯಿತು ಎಂಬುದೂ ಅಷ್ಟೇ ಮುಖ್ಯವಾದ ಸಂಗತಿ. ಜಪಾನಿನ ಗದ್ದೆಯ ತಳಿಗಳು ಮೊದಲು ಗಾಜಿನೊಳಕ್ಕೆ ಹೋದವು. ಅವುಗಳಿಗೆ ಒಗ್ಗಿದ ಪಾಕವೇ ಪ್ರಮಾಣವಾಯಿತು. ಆ ಪಾಕಕ್ಕೆ ಒಗ್ಗದ ದಕ್ಷಿಣ ಏಷ್ಯಾದ ಭತ್ತಕ್ಕೆ ಮೊಂಡುತನದ ಹಣೆಪಟ್ಟಿ ಬಿತ್ತು. ಆ ಹಣೆಪಟ್ಟಿ ಎಷ್ಟು ಸರಿ ಎಂಬುದು ಸ್ಪಷ್ಟವಾಗಲು ಸುಮಾರು ನಾಲ್ಕು ದಶಕಗಳೇ ಬೇಕಾದವು.

ಗಿಡದ ಯಾವುದೇ ಜೀವಂತ ಕೋಶಕ್ಕೆ ಪೂರ್ಣ ಗಿಡವಾಗುವ ಸಾಮರ್ಥ್ಯ ಇರಬೇಕು ಎಂಬ ವಿಚಾರವನ್ನು ಪ್ರಯೋಗಕ್ಕೆ ಒಡ್ಡಿದ ಮೊದಲಿಗ ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹಾಬರ್ಲಾಂಟ್. ಎಲೆಗಳಿಂದ ಬಿಡಿಸಿದ ಕೋಶಗಳನ್ನು ಲವಣ ಮತ್ತು ಸಕ್ಕರೆಯ ದ್ರಾವಣದಲ್ಲಿಟ್ಟು ಪಡೆದ ಫಲಿತಾಂಶಗಳನ್ನು ಆತ 1902ರಲ್ಲಿ ಪ್ರಕಟಿಸಿದ. ಕೋಶಗಳು ವಾರಗಟ್ಟಲೆ ಬದುಕಿದವು, ಗಾತ್ರದಲ್ಲಿ ಹಿಗ್ಗಿದವು, ಆದರೆ ಒಂದೂ ವಿಭಜನೆಯಾಗಲಿಲ್ಲ. ಕೋಶವಿಭಜನೆಯನ್ನು ಪ್ರಚೋದಿಸುವ ಹಾರ್ಮೋನುಗಳ ಅರಿವೇ ಇಲ್ಲದ ಕಾಲದಲ್ಲಿ ಅದು ಸಹಜವೇ ಆಗಿತ್ತು. 1934ರಲ್ಲಿ ಅಮೆರಿಕದ ಫಿಲಿಪ್ ವೈಟ್ ಟೊಮೆಟೊ ಬೇರಿನ ತುದಿಯನ್ನು ಗಾಜಿನಲ್ಲಿ ನಿರಂತರವಾಗಿ ಬೆಳೆಸಿ ತೋರಿಸಿದ. 1939ರಲ್ಲಿ ವೈಟ್ ತಂಬಾಕಿನಿಂದ, ಫ್ರಾನ್ಸಿನ ಗೋತ್ರೆ ಮತ್ತು ನೋಬೆಕೂರ್ ಕ್ಯಾರೆಟ್ಟಿನಿಂದ, ಎಷ್ಟು ಕಾಲ ಬೇಕಾದರೂ ಮುಂದುವರಿಸಬಹುದಾದ ಕ್ಯಾಲಸ್ಸನ್ನು ಪಡೆದರು. ಗಿಡಕ್ಕೆ ಗಾಯವಾದಾಗ ಆ ಜಾಗವನ್ನು ಮುಚ್ಚಲು ಉಬ್ಬಿಬರುವ, ಬೇರು ಕಾಂಡ ಎಲೆ ಎಂಬ ಭೇದವಿಲ್ಲದ ಕೋಶಗಳ ಗಂಟೇ ಕ್ಯಾಲಸ್. ಮುಂದಿನ ಎಲ್ಲ ಕೆಲಸಕ್ಕೂ ಇದೇ ಕಚ್ಚಾ ಸಾಮಗ್ರಿಯಾಯಿತು.

ಇಲ್ಲಿ ಹುಲ್ಲಿನ ಜಾತಿಯ ಗಿಡಗಳು ಹಿಂದೆ ಬಿದ್ದವು. ಕ್ಯಾರೆಟ್, ತಂಬಾಕಿನಂಥ ದ್ವಿದಳ ಸಸ್ಯಗಳ ಕಾಂಡ ಮತ್ತು ಬೇರುಗಳಲ್ಲಿ ಜೀವನವಿಡೀ ವಿಭಜನೆಯಾಗುತ್ತಲೇ ಇರುವ ಕೋಶಗಳ ಒಂದು ಪದರವಿರುತ್ತದೆ. ಅಲ್ಲಿ ಕೊಯ್ದು ಮಾಧ್ಯಮದ ಮೇಲಿಟ್ಟರೆ ಕ್ಯಾಲಸ್ ಸುಲಭವಾಗಿ ಹೊರಡುತ್ತದೆ. ಏಕದಳ ಸಸ್ಯಗಳಾದ ಭತ್ತ, ಗೋಧಿ, ಜೋಳಗಳಲ್ಲಿ ಅಂಥ ಪದರವಿಲ್ಲ. ಬಲಿತ ಭತ್ತದ ಎಲೆಯ ತುಂಡನ್ನು ಎಂಥ ಮಾಧ್ಯಮದಲ್ಲಿಟ್ಟರೂ ಸಾಮಾನ್ಯವಾಗಿ ಅದು ಕಂದುಗಟ್ಟಿ ಸಾಯುತ್ತದೆ, ಏಕೆಂದರೆ ಅದರ ಕೋಶಗಳು ವಿಭಜನೆಯ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತವೆ. ಆದ್ದರಿಂದ ಭತ್ತದಲ್ಲಿ ಎಳೆಯ ಭಾಗಗಳನ್ನೇ ಹುಡುಕಬೇಕು: ಬೇರಿನ ತುದಿ, ಕಾಂಡದ ಗೆಣ್ಣು, ಹೊಡೆಯೊಳಗಿನ ಎಳೆತೆನೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬೀಜದ ಭ್ರೂಣ. ಎಳೆತೆನೆ ಸಿಗುವುದು ಹಂಗಾಮಿನಲ್ಲಿ ಕೆಲವೇ ದಿನ. ಒಣಗಿಸಿಟ್ಟ ಬೀಜವಾದರೆ ವರ್ಷದ ಯಾವ ದಿನವಾದರೂ ಕೈಗೆ ಸಿಗುತ್ತದೆ. ಬೀಜದ ಮಾರ್ಗ ಉಳಿದವನ್ನೆಲ್ಲ ಹಿಂದಿಕ್ಕಿದ್ದಕ್ಕೆ ಈ ಸಾದಾ ಅನುಕೂಲವೇ ಬಹುದೊಡ್ಡ ಕಾರಣ.

ಹಾಬರ್ಲಾಂಟನಿಗೆ ಇಲ್ಲದಿದ್ದ ಹಾರ್ಮೋನುಗಳ ಪೈಕಿ ಆಕ್ಸಿನ್ ಎಂಬುದು 1930ರ ದಶಕದ ಹೊತ್ತಿಗೆ ತಿಳಿದಿತ್ತು. ಎರಡನೆಯದು ದೊರೆತದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫೋಲ್ಕೆ ಸ್ಕೂಗ್ ಅವರ ಪ್ರಯೋಗಾಲಯದಲ್ಲಿ. ತಂಬಾಕಿನ ಕೋಶಗಳನ್ನು ವಿಭಜನೆಗೆ ಹಚ್ಚುವ ವಸ್ತುವನ್ನು ಹುಡುಕುತ್ತಿದ್ದ ಕಾರ್ಲೋಸ್ ಮಿಲ್ಲರ್, ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಹಳೆಯ ಡಿಎನ್ಎಯ ಒಂದು ಸೀಸೆಯನ್ನು ಬಳಸಿ ನೋಡಿದರು. ಕೋಶಗಳು ಭರದಿಂದ ಹೆಚ್ಚಿದವು. ಹೊಸದಾಗಿ ತರಿಸಿದ ಡಿಎನ್ಎ ಮಾತ್ರ ಏನೂ ಮಾಡಲಿಲ್ಲ. ಹೊಸದನ್ನು ಒತ್ತಡದ ಹಬೆಯಲ್ಲಿ ಕಾಯಿಸಿದಾಗ ಅದಕ್ಕೂ ಅದೇ ಗುಣ ಬಂತು. ಡಿಎನ್ಎ ಒಡೆದಾಗ ಹುಟ್ಟುವ ಒಂದು ಸಣ್ಣ ಅಣುವೇ ಕೆಲಸ ಮಾಡುತ್ತಿದೆ ಎಂದು ಗೊತ್ತಾಗಿ, 1955ರಲ್ಲಿ ಅದಕ್ಕೆ ಕೈನೆಟಿನ್ ಎಂದು ಹೆಸರಿಡಲಾಯಿತು. ಈ ಬಗೆಯ ಹಾರ್ಮೋನುಗಳ ಗುಂಪೇ ಸೈಟೋಕೈನಿನ್. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿದ ಸಂಗತಿ ಇಂದಿಗೂ ಅಂಗಾಂಶ ಕೃಷಿಯ ಅಡಿಗಲ್ಲು: ಆಕ್ಸಿನ್ ಹೆಚ್ಚಾಗಿ ಸೈಟೋಕೈನಿನ್ ಕಡಿಮೆಯಾದರೆ ಕ್ಯಾಲಸ್ಸಿನಿಂದ ಬೇರು ಹೊರಡುತ್ತದೆ, ಅದು ತಿರುಗುಮುರುಗಾದರೆ ಚಿಗುರು, ಎರಡೂ ಸಮತೂಕದಲ್ಲಿದ್ದರೆ ಕ್ಯಾಲಸ್ ಕ್ಯಾಲಸ್ಸಾಗಿಯೇ ಬೆಳೆಯುತ್ತದೆ. ಇದೇ ಪ್ರಯೋಗಾಲಯದಲ್ಲಿ ತೋಶಿಯೊ ಮುರಾಶಿಗೆ ತಂಬಾಕಿನ ಎಲೆಯ ರಸದಲ್ಲಿ ಹೊಸ ಹಾರ್ಮೋನನ್ನು ಹುಡುಕಹೊರಟು, ಬೆಳವಣಿಗೆಯನ್ನು ಹೆಚ್ಚಿಸುತ್ತಿದ್ದುದು ಬಹುಪಾಲು ಆ ರಸದಲ್ಲಿನ ಲವಣಗಳೇ ಎಂದು ಕಂಡುಕೊಂಡರು. ಅದರ ಫಲವಾಗಿ 1962ರಲ್ಲಿ ಪ್ರಕಟವಾದ ಮುರಾಶಿಗೆ–ಸ್ಕೂಗ್ ಮಾಧ್ಯಮ, ಎಂಎಸ್ ಎಂಬ ಚಿಕ್ಕ ಹೆಸರಿನಲ್ಲಿ, ಜಗತ್ತಿನ ಬಹುತೇಕ ಪ್ರಯೋಗಾಲಯಗಳ ಕಪಾಟಿನಲ್ಲಿ ನೆಲೆ ನಿಂತಿತು. ಅದು ತಂಬಾಕಿಗೆಂದು ಹದಗೊಳಿಸಿದ ಪಾಕ ಎಂಬುದನ್ನು ಮರೆಯಬಾರದು.

ಏಕದಳ ಧಾನ್ಯಗಳಿಗೆ ಬೇಕಾದ ಇನ್ನೊಂದು ವಸ್ತು ಬಂದದ್ದು ಕಳೆನಾಶಕಗಳ ಕಡೆಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ನಡೆದ ಸಂಶೋಧನೆಯಿಂದ ಹೊರಬಂದ 2,4-ಡಿ ಎಂಬ ಕೃತಕ ಆಕ್ಸಿನ್, ಅಗಲ ಎಲೆಯ ಕಳೆಗಳನ್ನು ಕೊಂದು ಹುಲ್ಲಿನ ಜಾತಿಯ ಬೆಳೆಯನ್ನು ಉಳಿಸುವ ಗುಣದಿಂದಾಗಿ ಭತ್ತದ ಗದ್ದೆಗಳಿಗೂ ಬಂತು. ಲೀಟರಿಗೆ ಕೇವಲ 2 ಮಿಲಿಗ್ರಾಂನಷ್ಟು ಬೆರೆಸಿದಾಗ ಅದೇ ವಸ್ತು ಭತ್ತದ ಭ್ರೂಣದ ಕೋಶಗಳನ್ನು ತಮ್ಮ ಗೊತ್ತಾದ ಕೆಲಸ ಬಿಟ್ಟು ವಿಭಜನೆಗೆ ತೊಡಗುವಂತೆ ಮಾಡುತ್ತದೆ. ಗಿಡದಲ್ಲೇ ಇರುವ ಸಹಜ ಆಕ್ಸಿನ್ನನ್ನು ಕೋಶಗಳು ಬೇಗ ಒಡೆದುಹಾಕುತ್ತವೆ. 2,4-ಡಿ ಅಷ್ಟು ಸುಲಭವಾಗಿ ಕರಗಿಹೋಗದೆ ಉಳಿದು ಒತ್ತಾಯವನ್ನು ಮುಂದುವರಿಸುತ್ತದೆ.

ಭತ್ತವೇ ಜೀವನಾಡಿಯಾಗಿರುವ ಜಪಾನಿನಲ್ಲಿ ಈ ತುಣುಕುಗಳೆಲ್ಲ ಒಂದೆಡೆ ಸೇರಿದ್ದು ಆಶ್ಚರ್ಯವಲ್ಲ. 1950ರ ದಶಕದ ನಡುವೆಯೇ ಅಲ್ಲಿ ಭತ್ತದ ಬೇರು ಮತ್ತು ಭ್ರೂಣಗಳನ್ನು ಬಿಡಿಸಿ ಬೆಳೆಸುವ ಪ್ರಯತ್ನಗಳು ನಡೆದಿದ್ದವು. 1964ರಲ್ಲಿ ಫುರುಹಾಶಿ ಮತ್ತು ಯಾತಾಜಾವಾ ಕಾಂಡದ ಗೆಣ್ಣಿನಿಂದ ಪಡೆದ ಕ್ಯಾಲಸ್ಸನ್ನು ನಿರಂತರವಾಗಿ ಬೆಳೆಸಿದರು. ಆದರೆ ಕ್ಯಾಲಸ್ ಬೆಳೆಯುವುದು ಒಂದು, ಅದು ಮತ್ತೆ ಗಿಡವಾಗುವುದು ಇನ್ನೊಂದು. ಆ ಎರಡನೆಯ ಹೆಜ್ಜೆ ದಾಟಿದ್ದು 1968ರಲ್ಲಿ. ನಿಶಿ, ಯಾಮಾದಾ ಮತ್ತು ತಾಕಾಹಾಶಿ ಭತ್ತದ ಕ್ಯಾಲಸ್ಸಿನಿಂದ ಪೂರ್ಣ ಗಿಡ ಪಡೆದುದನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು; ಅದೇ ವರ್ಷ ತಾಮುರಾ ಭ್ರೂಣದಿಂದ ಬಂದ ಕ್ಯಾಲಸ್ಸಿನಲ್ಲಿ ಚಿಗುರು ಮೂಡಿದುದನ್ನು ಪ್ರಕಟಿಸಿದರು; ಅದೇ ವರ್ಷ ನೀಜೆಕಿ ಮತ್ತು ಓನೊ ಭತ್ತದ ಪರಾಗಕೋಶದಿಂದ, ಎಂದರೆ ಹೂವಿನಲ್ಲಿ ಪರಾಗವನ್ನು ಹೊತ್ತ ಚೀಲದಿಂದ, ಗಿಡಗಳನ್ನು ಎಬ್ಬಿಸಿದರು. ಧಾನ್ಯಗಳ ಅಂಗಾಂಶ ಕೃಷಿಯಲ್ಲಿ ಇಷ್ಟು ಫಲ ಕೊಟ್ಟ ವರ್ಷಗಳು ವಿರಳ.

ಅಂದಿನಿಂದ ಇಂದಿನವರೆಗೆ ಬೀಜದ ಮಾರ್ಗದ ಕ್ರಮ ಮೂಲದಲ್ಲಿ ಹೆಚ್ಚು ಬದಲಾಗಿಲ್ಲವಾದ್ದರಿಂದ, ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಬಲಿತ, ಕಲೆಯಿಲ್ಲದ ಭತ್ತದ ಕಾಳುಗಳನ್ನು ಆರಿಸಿ, ಭ್ರೂಣಕ್ಕೆ ಪೆಟ್ಟಾಗದಂತೆ ಕೈಯಿಂದಲೇ ಅಥವಾ ಸಣ್ಣ ಯಂತ್ರದಿಂದ ಹೊಟ್ಟು ಬಿಡಿಸಲಾಗುತ್ತದೆ. ಹೊಟ್ಟಿನ ಒಳಮಗ್ಗುಲಲ್ಲೂ ಕಾಳಿನ ಮೇಲ್ಮೈಯಲ್ಲೂ ಗದ್ದೆಯಿಂದ ಬಂದ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಕೂತಿರುವುದರಿಂದ, ಕಾಳುಗಳನ್ನು ಶೇ. 70ರ ಆಲ್ಕೋಹಾಲಿನಲ್ಲಿ ಒಂದೆರಡು ನಿಮಿಷ ಅದ್ದಿ, ಬಳಿಕ ಸೋಡಿಯಂ ಹೈಪೋಕ್ಲೋರೈಟ್, ಎಂದರೆ ಬಟ್ಟೆ ಬಿಳುಪು ಮಾಡುವ ದ್ರವದ ಸಾರ, ಅಥವಾ ಶೇ. 0.1ರ ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಅಲುಗಾಡಿಸಿ, ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿದ ನೀರಿನಲ್ಲಿ ಹಲವು ಸಲ ತೊಳೆಯುತ್ತಾರೆ. ಈ ತೊಳೆತದಲ್ಲಿ ಅರೆಮನಸ್ಸು ತೋರಿದರೆ ಮೂರನೆಯ ನಾಲ್ಕನೆಯ ದಿನಕ್ಕೆ ತಟ್ಟೆಯ ತುಂಬ ಬೂಷ್ಟಿನ ಬಿಳಿ ನೂಲು ಹಬ್ಬಿರುತ್ತದೆ. ಅತಿ ಮಾಡಿದರೆ ಭ್ರೂಣವೇ ಸತ್ತಿರುತ್ತದೆ. ಶುದ್ಧವಾದ ಕಾಳುಗಳನ್ನು, ಸೋಸಿದ ಗಾಳಿ ಒಂದೇ ದಿಕ್ಕಿನಲ್ಲಿ ಬೀಸುತ್ತಿರುವ ಲ್ಯಾಮಿನಾರ್ ಫ್ಲೋ ಪೆಟ್ಟಿಗೆಯ ಮುಂದೆ ಕೂತು, ಚಿಮಟದಿಂದ ಒಂದೊಂದಾಗಿ ಎತ್ತಿ, ಭ್ರೂಣದ ಮಗ್ಗುಲು ಮೇಲಾಗುವಂತೆ 2,4-ಡಿ ಬೆರೆತ ಮಾಧ್ಯಮದ ಮೇಲೆ ಕೂರಿಸಿ, 25ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖದ ಕೋಣೆಯಲ್ಲಿ, ಸಾಮಾನ್ಯವಾಗಿ ಕತ್ತಲಲ್ಲಿ, ಇಡಲಾಗುತ್ತದೆ.

ಮೊದಲ ಕೆಲವು ದಿನ ಕಾಳು ಮೊಳೆಯುವಂತೆಯೇ ಕಾಣುತ್ತದೆ. ಪುಟ್ಟದೊಂದು ಮೊಳಕೆ ಏಳುತ್ತದೆ, ಬೇರೂ ಇಣುಕಬಹುದು. ಆದರೆ ಅವೆರಡೂ ಮುಂದುವರಿಯದೆ ಕುಂಠಿತವಾಗಿ, ಅವುಗಳ ಬುಡದಲ್ಲಿ ಸ್ಕ್ಯೂಟೆಲಮ್ ಊದಿಕೊಳ್ಳಲು ತೊಡಗುತ್ತದೆ. ಸ್ಕ್ಯೂಟೆಲಮ್ ಎಂಬುದು ಭ್ರೂಣ ಮತ್ತು ಪಿಷ್ಟದ ನಡುವೆ ಗುರಾಣಿಯಂತೆ ಅಂಟಿಕೊಂಡಿರುವ ತೆಳುವಾದ ಅಂಗ. ಹುಲ್ಲಿನ ಜಾತಿಯ ಗಿಡಗಳ ಒಂದೇ ಒಂದು ಬೀಜದಳ ಅದು, ಮೊಳೆಯುವ ಕಾಲಕ್ಕೆ ಪಿಷ್ಟವನ್ನು ಕರಗಿಸಿ ಮೊಳಕೆಗೆ ಉಣಿಸುವುದು ಅದರ ಹುಟ್ಟುಗುಣ. 2,4-ಡಿಯ ಒತ್ತಾಯಕ್ಕೆ ಅದರ ಮೇಲ್ಪದರದ ಕೋಶಗಳು ಉಣಿಸುವುದನ್ನು ಬಿಟ್ಟು ಹೆಚ್ಚತೊಡಗಿ, ಎರಡರಿಂದ ನಾಲ್ಕು ವಾರಗಳಲ್ಲಿ ಗಂಟುಗಂಟಾದ ಕ್ಯಾಲಸ್ಸಾಗುತ್ತವೆ. ಅನುಭವಿಗಳ ಕಣ್ಣು ಕೂಡಲೇ ಎರಡು ಬಗೆಯನ್ನು ಗುರುತಿಸುತ್ತದೆ: ಒಂದು ಕೆನೆಬಣ್ಣದ ಅಥವಾ ತಿಳಿಹಳದಿಯ, ಗಟ್ಟಿಯಾದ, ಸಣ್ಣ ಸಣ್ಣ ಗುಂಡುಗಳು ಒತ್ತೊತ್ತಾಗಿ ಕೂಡಿದ ಕ್ಯಾಲಸ್, ಇನ್ನೊಂದು ನೀರು ತುಂಬಿದಂತೆ ಮೆತ್ತಗಿದ್ದು ಅರೆಪಾರದರ್ಶಕವಾಗಿ ಹರಡುವಂಥದು. ಮೊದಲನೆಯದರ ಕೋಶಗಳು ಸಣ್ಣವು, ಒಳಗೆ ಜೀವರಸ ದಟ್ಟವಾಗಿರುತ್ತದೆ, ಅವು ಬೀಜವಿಲ್ಲದೆಯೇ ಭ್ರೂಣದಂಥ ರಚನೆಗಳನ್ನು ಕಟ್ಟಬಲ್ಲವು. ಎರಡನೆಯದು ಎಷ್ಟು ಬೆಳೆದರೂ ಬಹುಮಟ್ಟಿಗೆ ವ್ಯರ್ಥ. ಯಂತ್ರಗಳು ಎಷ್ಟೇ ಬಂದಿದ್ದರೂ, ಸೂಕ್ಷ್ಮದರ್ಶಕದಡಿ ಒಳ್ಳೆಯ ಗುಂಡುಗಳನ್ನು ಬೇರ್ಪಡಿಸಿ ಹೊಸ ಮಾಧ್ಯಮಕ್ಕೆ ಸಾಗಿಸುವ ಈ ಆಯ್ಕೆಯಲ್ಲೇ ಪ್ರಯೋಗದ ಅಳಿವು ಉಳಿವು ನಿಂತಿದೆ. ಆಯ್ದ ಕ್ಯಾಲಸ್ಸನ್ನು 2,4-ಡಿ ಇಲ್ಲದ, ಸೈಟೋಕೈನಿನ್ ಹೆಚ್ಚಿರುವ ಮಾಧ್ಯಮದಲ್ಲಿ ಬೆಳಕಿಗೆ ಇಟ್ಟಾಗ ಅದರ ಮೇಲೆ ಹಸಿರು ಚುಕ್ಕೆಗಳು ಮೂಡುತ್ತವೆ, ಚುಕ್ಕೆಗಳಿಂದ ಚಿಗುರು ಬರುತ್ತದೆ. ಬೇರು ಬರಿಸಿ, ಮಾಧ್ಯಮವನ್ನು ಗಟ್ಟಿಗೊಳಿಸಲು ಬೆರೆಸಿದ್ದ ಅಗರ್ ಎಂಬ ಅಂಟನ್ನು ತೊಳೆದು, ತೇವದ ಗಾಳಿಯಲ್ಲಿ ಕೆಲವು ದಿನ ಹದಗೊಳಿಸಿದ ಮೇಲೆ ಸಸಿ ಕುಂಡದ ಮಣ್ಣಿಗೆ ಹೋಗುತ್ತದೆ.

ಪರಾಗಕೋಶದ ಮಾರ್ಗದ ಮಾತು ಬಂದಾಗ ಭಾರತದ ಪಾಲನ್ನು ಒತ್ತಿ ಹೇಳಬೇಕು. ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವನ್ನು ಪಂಚಾನನ ಮಹೇಶ್ವರಿಯವರು ಸಸ್ಯಭ್ರೂಣಶಾಸ್ತ್ರದ ದೊಡ್ಡ ಕೇಂದ್ರವನ್ನಾಗಿ ಬೆಳೆಸಿದ್ದರು, ಬಿ.ಜಿ.ಎಲ್. ಸ್ವಾಮಿಯವರ ಕಾರಣದಿಂದ ಕನ್ನಡ ಓದುಗರಿಗೆ ಹೆಸರು ಕೇಳಿ ಗೊತ್ತಿರುವ ಶಾಸ್ತ್ರವೇ ಇದು. ಅಲ್ಲಿ ಶಿಪ್ರಾ ಗುಹಾ ಮತ್ತು ಸತೀಶಚಂದ್ರ ಮಹೇಶ್ವರಿ, ವರ್ಣತಂತುಗಳು ಅರ್ಧವಾಗುವ ಕೋಶವಿಭಜನೆಯನ್ನು ಅಭ್ಯಾಸ ಮಾಡಲೆಂದು ದತ್ತೂರಿ ಜಾತಿಯ ಗಿಡದ ಪರಾಗಕೋಶಗಳನ್ನು ಗಾಜಿನಲ್ಲಿ ಬೆಳೆಸುತ್ತಿದ್ದಾಗ, ಅವುಗಳಿಂದ ಭ್ರೂಣದಂಥ ರಚನೆಗಳು ಹೊರಬರುವುದನ್ನು ಕಂಡು 1964ರಲ್ಲಿ ಪ್ರಕಟಿಸಿದರು. ಅವು ಪರಾಗದ ಕಣಗಳಿಂದಲೇ ಹುಟ್ಟಿದ, ತಾಯಿತಂದೆಯರ ಎರಡು ಜೊತೆ ವರ್ಣತಂತುಗಳ ಬದಲು ಒಂದೇ ಜೊತೆಯನ್ನು ಹೊತ್ತ ಸಸಿಗಳು ಎಂದು ಮುಂದೆ ಖಚಿತವಾಯಿತು. ಇಂಥ ಸಸಿಯ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರೆ, ಸಾಮಾನ್ಯ ತಳಿ ಅಭಿವೃದ್ಧಿಯಲ್ಲಿ ಆರೆಂಟು ಪೀಳಿಗೆ ಹಿಡಿಯುವ ಗುಣಗಳ ಸ್ಥಿರತೆ ಒಂದೇ ಹೆಜ್ಜೆಯಲ್ಲಿ ಕೈಗೂಡುತ್ತದೆ. ಜಪಾನಿನ ನೀಜೆಕಿ ಮತ್ತು ಓನೊ ನಡೆದದ್ದು ಈ ದೆಹಲಿಯ ದಾರಿಯಲ್ಲೇ. 1970ರಲ್ಲಿ ಗುಹಾ, ಅಯ್ಯರ್, ಗುಪ್ತಾ ಮತ್ತು ಎಂ.ಎಸ್. ಸ್ವಾಮಿನಾಥನ್ ಭತ್ತದ ಪರಾಗಕೋಶಗಳಿಂದ ಗಿಡ ಪಡೆದ ವರದಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಭತ್ತದ ಅಂಗಾಂಶ ಕೃಷಿಯ ಚರಿತ್ರೆಗಳಲ್ಲಿ ಈ ಕೆಲಸಕ್ಕೆ ಸಿಗುವ ಜಾಗ ಅದರ ಯೋಗ್ಯತೆಗಿಂತ ಬಹಳ ಕಡಿಮೆ.

ಚೀನಾ ಈ ಮಾರ್ಗವನ್ನು ಹಿಡಿದದ್ದು ತಳಿ ಸುಧಾರಣೆಗೆಂದೇ, ಅದೂ ದೊಡ್ಡ ಪ್ರಮಾಣದಲ್ಲಿ. ಅಲ್ಲಿಂದ 1975ರಲ್ಲಿ ಹೊರಬಂದ ಎನ್6 ಎಂಬ ಮಾಧ್ಯಮ, ಭತ್ತವನ್ನೇ ಎದುರಿಗಿಟ್ಟುಕೊಂಡು ರೂಪಿಸಿದ ಮೊದಲ ಮುಖ್ಯ ಪಾಕ. ಚು ಮತ್ತು ಸಂಗಡಿಗರು ಹಿಡಿದ ಎಳೆ ಸಾರಜನಕದ್ದು. ಗಿಡ ಸಾರಜನಕವನ್ನು ಮುಖ್ಯವಾಗಿ ನೈಟ್ರೇಟ್ ಮತ್ತು ಅಮೋನಿಯಂ ಎಂಬ ಎರಡು ರೂಪದಲ್ಲಿ ಹೀರುತ್ತದೆ. ಎಂಎಸ್ ಮಾಧ್ಯಮದಲ್ಲಿ ಅಮೋನಿಯಂ ಹೇರಳವಾಗಿದ್ದು, ಭತ್ತದ ಪರಾಗಕೋಶಗಳಿಗೆ ಅದು ಅತಿಯಾಗುತ್ತಿತ್ತು. ಎನ್6 ಮಾಧ್ಯಮದಲ್ಲಿ ಅಮೋನಿಯಂ ಪ್ರಮಾಣ ಎಂಎಸ್‌ನ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಪರಾಗಕೋಶಕ್ಕೆಂದು ಮಾಡಿದ ಈ ಪಾಕವನ್ನು ಬೀಜದ ಕ್ಯಾಲಸ್ ಬೆಳೆಸುವವರೂ ತಮ್ಮದಾಗಿಸಿಕೊಂಡರು, ಇಂದಿಗೂ ಅನೇಕರಿಗೆ ಅದೇ ಮೊದಲ ಆಯ್ಕೆ. ತಂಬಾಕಿನ ಪಾಕದ ಹಿಡಿತ ಹೀಗೆ ಸಡಿಲಿತು.

ಕ್ಯಾಲಸ್ಸಿನಿಂದ ಬಂದ ಗಿಡಗಳೆಲ್ಲ ತಾಯಿಯಂತೆಯೇ ಇರುತ್ತವೆ ಎಂಬ ನಂಬಿಕೆಗೆ ಮೊದಲ ಗಟ್ಟಿ ಪೆಟ್ಟು ಕೊಟ್ಟದ್ದು ಓನೊ ಅವರ ಪ್ರಯೋಗ. ಗುಣಗಳಲ್ಲಿ ಪೂರ್ತಿ ಸ್ಥಿರವಾದ ಗಿಡದ ಬೀಜಗಳಿಂದ ಕ್ಯಾಲಸ್ ಪಡೆದು, ಅದರಿಂದ ಸಾವಿರಕ್ಕೂ ಹೆಚ್ಚು ಗಿಡಗಳನ್ನು ಎಬ್ಬಿಸಿ, ಅವುಗಳ ಸಂತತಿಯನ್ನು ಗದ್ದೆಯಲ್ಲಿ ಬೆಳೆದು ನೋಡಿದಾಗ, ಎತ್ತರ, ತೆನೆ ಹೊರಡುವ ಕಾಲ, ಕಾಳು ಕಟ್ಟುವಿಕೆ, ಎಲೆಯ ಬಣ್ಣ ಮೊದಲಾದ ಎಲ್ಲ ಗುಣಗಳಲ್ಲೂ ಸರಿಯಿದ್ದವು ಕಾಲು ಪಾಲಿಗಿಂತ ತುಸು ಹೆಚ್ಚು ಮಾತ್ರ. 1978ರಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ಕಡೆ ಎಚ್ಚರಿಕೆಯಾಗಿಯೂ ಇನ್ನೊಂದು ಕಡೆ ಹೊಸ ವೈವಿಧ್ಯದ ಆಕರವಾಗಿಯೂ ಕಂಡಿತು. ಆಸ್ಟ್ರೇಲಿಯಾದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ 1981ರಲ್ಲಿ ಈ ಬಗೆಯ ಬದಲಾವಣೆಗೆ ಸೋಮಾಕ್ಲೋನಲ್ ವೇರಿಯೇಷನ್ ಎಂದು ಹೆಸರು ಕೊಟ್ಟರು. ಇದರ ಒಂದು ಕಾರಣ ಪತ್ತೆಯಾದದ್ದು 1996ರಲ್ಲಿ. ಭತ್ತದ ಡಿಎನ್ಎಯಲ್ಲಿ ತನ್ನ ನಕಲನ್ನು ತಾನೇ ಮಾಡಿ ಬೇರೆ ಜಾಗಕ್ಕೆ ತೂರಿಸುವ ‘ಟಾಸ್17’ ಎಂಬ ತುಣುಕೊಂದಿದೆ. ಗದ್ದೆಯ ಗಿಡದಲ್ಲಿ ಅದು ಮಲಗಿರುತ್ತದೆ, ಕ್ಯಾಲಸ್ಸಿನಲ್ಲಿ ಎಚ್ಚೆತ್ತು ಹೊಸ ಹೊಸ ಜೀನುಗಳೊಳಕ್ಕೆ ನುಗ್ಗುತ್ತದೆ, ಕ್ಯಾಲಸ್ ಎಷ್ಟು ದೀರ್ಘಕಾಲ ಗಾಜಿನಲ್ಲಿದ್ದರೆ ಅದರ ಪ್ರತಿಗಳೂ ಅಷ್ಟು ಹೆಚ್ಚುತ್ತವೆ ಎಂದು ಹಿರೋಚಿಕಾ ಮತ್ತು ಸಂಗಡಿಗರು ತೋರಿಸಿದರು. ಗಿಡ ಮತ್ತೆ ಎದ್ದ ಮೇಲೆ ತುಣುಕು ಪುನಃ ಮಲಗುತ್ತದೆ. ಈ ಉಪದ್ರವವನ್ನೇ ಉಪಕರಣ ಮಾಡಿಕೊಂಡ ಜಪಾನಿನ ವಿಜ್ಞಾನಿಗಳು, ಬೇರೆ ಬೇರೆ ಜೀನುಗಳು ಹೀಗೆ ಕೆಟ್ಟ ಸುಮಾರು 50 ಸಾವಿರ ಭತ್ತದ ಸಾಲುಗಳನ್ನು ಬೀಜದ ಕ್ಯಾಲಸ್ಸಿನಿಂದ ಬೆಳೆಸಿ, ಯಾವ ಜೀನು ಯಾವ ಕೆಲಸ ಮಾಡುತ್ತದೆಂದು ತಿಳಿಯುವ ದೊಡ್ಡ ಭಂಡಾರವನ್ನೇ ಕಟ್ಟಿದರು. ಬೀಜದಿಂದ ಕ್ಯಾಲಸ್ ಪಡೆಯುವ ಸುಲಭ ವಿಧಾನ ಇಲ್ಲದಿದ್ದರೆ ಇಷ್ಟು ದೊಡ್ಡ ಸಂಖ್ಯೆಯನ್ನು ನೆನೆಯುವುದೂ ಕಷ್ಟವಿತ್ತು.

ಇಷ್ಟೆಲ್ಲ ನಡೆದದ್ದು ಬಹುಪಾಲು ಜಪೋನಿಕಾ ಭತ್ತದಲ್ಲಿ. ಏಷ್ಯಾದ ಭತ್ತದಲ್ಲಿ ಮುಖ್ಯವಾಗಿ ಎರಡು ದೊಡ್ಡ ಬಳಗಗಳಿವೆ: ಜಪಾನ್, ಕೊರಿಯಾ, ಉತ್ತರ ಚೀನಾಗಳಲ್ಲಿ ಬೆಳೆಯುವ, ಕಾಳು ಗುಂಡಾಗಿ ಅನ್ನ ಅಂಟಂಟಾಗುವ ಜಪೋನಿಕಾ, ಭಾರತವೂ ಸೇರಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ ಬೆಳೆಯುವ, ಅನ್ನ ಬಿಡಿಬಿಡಿಯಾಗಿ ನಿಲ್ಲುವ ಇಂಡಿಕಾ. 1986ರಲ್ಲಿ ಆಬೆ ಮತ್ತು ಫುತ್ಸುಹಾರಾ ಹಲವಾರು ತಳಿಗಳ ಬೀಜಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿ, ಕ್ಯಾಲಸ್ ಹುಟ್ಟುವುದರಲ್ಲೂ ಅದು ಗಿಡವಾಗುವುದರಲ್ಲೂ ತಳಿಯಿಂದ ತಳಿಗೆ ಅಗಾಧ ಅಂತರವಿದೆಯೆಂದೂ, ಜಪೋನಿಕಾ ತಳಿಗಳು ಒಟ್ಟಾರೆ ಮುಂದಿವೆಯೆಂದೂ ತೋರಿಸಿದರು. ಪರಾಗಕೋಶದ ಮಾರ್ಗದಲ್ಲಂತೂ ಇಂಡಿಕಾ ಸಸಿಗಳ ದೊಡ್ಡ ಪಾಲು ಹಸಿರಿಲ್ಲದೆ ಬಿಳಿಚಿ ಹುಟ್ಟಿ ಸಾಯುತ್ತಿತ್ತು. ಹೀಗೆ ಇಂಡಿಕಾ ಎಂದರೆ ಒಗ್ಗದ ಭತ್ತ ಎಂಬ ಮಾತು ಪ್ರಬಂಧಗಳ ಮೊದಲ ಸಾಲಿನಲ್ಲೇ ಕಾಣಿಸಿಕೊಳ್ಳತೊಡಗಿತು. ಆದರೆ ಇಪ್ಪತ್ತು ವರ್ಷ ಒಂದು ಬಳಗಕ್ಕೆಂದು ಹದಗೊಂಡ ಪಾಕವನ್ನು ಇನ್ನೊಂದರ ಮೇಲೆ ಹೇರಿ, ಅದು ಒಲ್ಲದಾಗ ದೋಷವನ್ನು ಭತ್ತದ ಮೇಲೆ ಹೊರಿಸಿದ್ದು ನ್ಯಾಯವಾಗಿರಲಿಲ್ಲ. ಸುಕ್ರೋಸಿನ ಬದಲು ಮಾಲ್ಟೋಸ್ ಸಕ್ಕರೆ ಕೊಟ್ಟಾಗ, ಪ್ರೋಲೀನ್ ಎಂಬ ಅಮೈನೊ ಆಮ್ಲ ಸೇರಿಸಿದಾಗ, ಗಿಡವಾಗುವ ಮಾಧ್ಯಮಕ್ಕೆ ಸಾಗಿಸುವ ಮುನ್ನ ಕ್ಯಾಲಸ್ಸನ್ನು ಒಂದೆರಡು ದಿನ ತುಸು ಒಣಗಲು ಬಿಟ್ಟಾಗ, ಅವೇ ಇಂಡಿಕಾ ತಳಿಗಳು ಎಷ್ಟೋ ಪಾಲು ಚೆನ್ನಾಗಿ ಗಿಡವಾದವು. ಒಣಗಿಸುವ ಉಪಾಯ ಬೀಜದ ಸ್ವಭಾವಕ್ಕೇ ಹತ್ತಿರದ್ದು. ಗದ್ದೆಯಲ್ಲೂ ಭ್ರೂಣ ಬಲಿತು ಒಣಗಿದ ಮೇಲೆಯೇ ಮೊಳೆಯಲು ಅಣಿಯಾಗುತ್ತದೆ.

ಹಣೆಪಟ್ಟಿಯನ್ನು ಬುಡಸಹಿತ ಅಲುಗಾಡಿಸಿದ್ದು 2005ರಲ್ಲಿ ಜಪಾನಿನಿಂದಲೇ ಬಂದ ಒಂದು ಶೋಧ. ಜಪಾನಿನ ಊಟದಲ್ಲಿ ಅತ್ಯಂತ ಮನ್ನಣೆ ಪಡೆದ ಕೋಶಿಹಿಕಾರಿ ಎಂಬ ಜಪೋನಿಕಾ ತಳಿ, ಗಾಜಿನಲ್ಲಿ ಗಿಡವಾಗುವುದರಲ್ಲಿ ಬಹಳ ಹಿಂದೆ. ಭಾರತ ಉಪಖಂಡದ ಪೂರ್ವಭಾಗದಲ್ಲಿ ಬೆಳೆಯುವ ‘ಔಸ್’ ಗುಂಪಿನ ಕಸಲತ್ ಎಂಬ ನಾಡತಳಿ ಬಹಳ ಮುಂದೆ. ಇವೆರಡನ್ನೂ ಕೂಡಿಸಿ ಪಡೆದ ಸಂತತಿಯಲ್ಲಿ ನಿಶಿಮುರಾ ಮತ್ತು ಸಂಗಡಿಗರು ಕಸಲತ್‌ಗೆ ಆ ಶಕ್ತಿ ಕೊಟ್ಟ ಜೀನನ್ನು ಹುಡುಕಿದರು. ಅದು ನೈಟ್ರೈಟ್ ರಿಡಕ್ಟೇಸ್ ಎಂಬ ಕಿಣ್ವದ ಜೀನು. ಗಿಡ ನೈಟ್ರೇಟನ್ನು ಬಳಸಿಕೊಳ್ಳುವ ದಾರಿಯ ನಡುವೆ ಹುಟ್ಟುವ ವಿಷಕಾರಿ ನೈಟ್ರೈಟನ್ನು ಮುಂದಕ್ಕೆ ಸಾಗಹಾಕುವುದು ಈ ಕಿಣ್ವದ ಕೆಲಸ. ಕೋಶಿಹಿಕಾರಿಯ ಕ್ಯಾಲಸ್ಸಿನಲ್ಲಿ ಕಿಣ್ವ ಸಾಲದೆ ನೈಟ್ರೈಟ್ ಕೂಡಿಕೊಂಡು ಚಿಗುರು ಏಳದಂತೆ ಮಾಡುತ್ತಿತ್ತು. ಕಸಲತ್ ಜೀನು ಸೇರಿಸಿದಾಗ ಕೋಶಿಹಿಕಾರಿಯೂ ಗಿಡವಾಯಿತು. 1975ರಲ್ಲಿ ಎನ್6 ರೂಪಿಸಿದವರು ಅನುಭವದಿಂದ ಹಿಡಿದಿದ್ದ ಸಾರಜನಕದ ಎಳೆಗೆ ಮೂವತ್ತು ವರ್ಷಗಳ ಬಳಿಕ ಜೀನಿನ ಮಟ್ಟದ ಸಮರ್ಥನೆ ಸಿಕ್ಕಿತು. ಮೊಂಡುತನ ಎಂದು ಕರೆಸಿಕೊಂಡದ್ದು ತಳಿಯ ಸಾರಜನಕ ಬಳಕೆಗೂ ಪಾತ್ರೆಯಲ್ಲಿನ ಸಾರಜನಕಕ್ಕೂ ಹೊಂದಾಣಿಕೆ ಇಲ್ಲದಿರುವುದನ್ನೂ ಒಳಗೊಂಡಿತ್ತು, ಅದು ಜಪೋನಿಕಾಕ್ಕೂ ತಪ್ಪಿದ್ದಲ್ಲ. ಗಿಡವಾಗುವ ಗುಣವನ್ನು ಸಾಲ ಕೊಟ್ಟದ್ದು ನಮ್ಮ ಕಡೆಯ ಒಂದು ಬಡ ನಾಡತಳಿ.

ಕ್ಯಾಲಸ್ಸಿನ ಮೂಲಕ ಹೊರಗಿನ ಜೀನು ಸೇರಿಸುವ ಅಧ್ಯಾಯವನ್ನು ಸಂಕ್ಷೇಪವಾಗಿ ಹೇಳಬಹುದು. 1980ರ ದಶಕದಲ್ಲಿ ಕೋಶಭಿತ್ತಿಯನ್ನು ಕಿಣ್ವಗಳಿಂದ ಕರಗಿಸಿ ಪಡೆದ ಬೆತ್ತಲೆ ಕೋಶಗಳಿಂದ ಭತ್ತದ ಗಿಡ ಎಬ್ಬಿಸುವುದು ಸಾಧ್ಯವಾಗಿ, 1988ರ ಹೊತ್ತಿಗೆ ಅವುಗಳೊಳಕ್ಕೆ ಜೀನು ಕಳಿಸಿ ಗಿಡ ಪಡೆದದ್ದೂ ಆಯಿತು. ಆದರೆ ಅದು ತೀರ ಸೂಕ್ಷ್ಮವಾದ, ಕೈಜಾರುವ ವಿಧಾನ. ದ್ವಿದಳ ಗಿಡಗಳಿಗೆ ಸಹಜವಾಗಿ ತನ್ನ ಡಿಎನ್ಎ ತುಣುಕನ್ನು ಸೇರಿಸುವ ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ, ಹುಲ್ಲಿನ ಜಾತಿಯ ಗಿಡಗಳನ್ನು ಮುಟ್ಟುವುದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. 1994ರಲ್ಲಿ ಜಪಾನ್ ಟೊಬ್ಯಾಕೊ ಸಂಸ್ಥೆಯ ಹಿಯೆಯಿ ಮತ್ತು ಸಂಗಡಿಗರು ಬಲಿತ ಬೀಜದ ಸ್ಕ್ಯೂಟೆಲಮ್ಮಿನಿಂದ ಪಡೆದ ಕ್ಯಾಲಸ್ಸಿನೊಡನೆ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ತಪ್ಪೆಂದು ತೋರಿಸಿದ ಮೇಲೆ, ಬೀಜದ ಕ್ಯಾಲಸ್ಸೇ ಜಗತ್ತಿನಾದ್ಯಂತ ಭತ್ತದ ಜೀನು ಸಂಶೋಧನೆಯ ಸಾಮಾನ್ಯ ದಾರಿಯಾಯಿತು.

ಪರಾಗಕೋಶದ ಮಾರ್ಗವೂ ಹೊಲ ಮುಟ್ಟದೆ ಉಳಿಯಲಿಲ್ಲ. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಿಂದ ಸತ್ಯಕೃಷ್ಣ ಮತ್ತು ಫಾಲ್ಗುಣಿ ಎಂಬ ತಳಿಗಳು ಈ ಮಾರ್ಗದಲ್ಲೇ ಬಂದವು. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್64 ಎಂಬ ಇಂಡಿಕಾ ಮತ್ತು ಅಜುಸೇನಾ ಎಂಬ ಜಪೋನಿಕಾ ತಳಿಗಳ ಸಂಕರದಿಂದ ಪರಾಗಕೋಶದ ಮೂಲಕ ಪಡೆದ ಸ್ಥಿರ ಸಾಲುಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಹೋದ್ಯೋಗಿಗಳು ಬೆಳೆಸಿ, ಇಳುವರಿ ಮತ್ತು ಬೆಳವಣಿಗೆಯ ಗುಣಗಳು ಯಾವ ವರ್ಣತಂತುವಿನ ಯಾವ ಭಾಗದಲ್ಲಿವೆಯೆಂದು ಗುರುತಿಸುವ ಕೆಲಸದಲ್ಲಿ ಏಷ್ಯಾದ ಇತರ ಕೇಂದ್ರಗಳೊಡನೆ ಪಾಲುಗೊಂಡರು. ಕಡಿಮೆ ನೀರಿನ ಭತ್ತದ ಬಗ್ಗೆ ಈ ನಾಡಿನಲ್ಲಿ ನಡೆದ ಕೆಲಸಕ್ಕೆ ಇಂಥ ಸಾಲುಗಳ ಅಧ್ಯಯನ ಒಳ್ಳೆಯ ಬೆಂಬಲವಾಯಿತು.

2025ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಜೀನು ತಿದ್ದುಪಡಿಯಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಎರಡೂ ಇಂಡಿಕಾ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಡಿಎಸ್‌ಟಿ ರೈಸ್ 1 ಎಂಬುದು ಎಂಟಿಯು 1010 ತಳಿಯಿಂದ ಬಂದದ್ದು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಅಥವಾ ಕಮಲಾ, ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿಗಳ ರೈತರು ಬಿಪಿಟಿ ಎಂದೇ ಕರೆಯುವ ಸಾಂಬಾ ಮಸೂರಿಯಿಂದ ಬಂದದ್ದು. ಕಮಲಾ ತಳಿಯಲ್ಲಿ ತಿದ್ದಿದ ಜೀನು, ಎಳೆತೆನೆಯಲ್ಲಿ ಸೈಟೋಕೈನಿನ್ನನ್ನು ಒಡೆದುಹಾಕುವ ಕಿಣ್ವದ್ದು. ಕಿಣ್ವ ದುರ್ಬಲವಾದಾಗ ಹಾರ್ಮೋನು ಹೆಚ್ಚು ಉಳಿದು ತೆನೆಯಲ್ಲಿ ಕಾಳುಗಳ ಸಂಖ್ಯೆ ಏರುತ್ತದೆ. ಹೀಗೆ ತಿದ್ದಿದ ಭತ್ತದ ಕೋಶವೊಂದು ಗಿಡವಾಗುವುದಕ್ಕೆ ಈಗಲೂ ಸಾಮಾನ್ಯವಾಗಿ ಇರುವ ದಾರಿ ಕ್ಯಾಲಸ್ಸಿನದೇ. ಬಿಪಿಟಿಗೆ ಹೊಂದುವ ಪಾಕ ಎಂಟಿಯು 1010ಕ್ಕೆ ಹಾಗೆಯೇ ಹೊಂದೀತೆಂದು ಹೇಳಲಾಗದು. ಪ್ರತಿ ಹೊಸ ತಳಿಯ ಮುಂದೆಯೂ ಪ್ರಯೋಗಾಲಯದವರು ಹಾರ್ಮೋನು, ಸಕ್ಕರೆ, ಸಾರಜನಕಗಳ ಪ್ರಮಾಣವನ್ನು ಮೊದಲಿನಿಂದ ಅಳೆದು, ಹೊಟ್ಟು ಬಿಡಿಸಿದ ಕಾಳುಗಳನ್ನು ತಟ್ಟೆಗಳಲ್ಲಿ ಸಾಲಾಗಿ ಕೂರಿಸಿ, ಯಾವುದರ ಸ್ಕ್ಯೂಟೆಲಮ್ ಹೇಗೆ ಊದುತ್ತದೆಂದು ವಾರಗಟ್ಟಲೆ ಗಮನಿಸಬೇಕಾಗಿದೆ.